72 ಗಂಟೆ, 28 ದಿನ, 30 ಗುಳಿಗೆ: ಎಚ್‌ಐವಿಯ ಲೆಕ್ಕ ತಪ್ಪದಿರಲು

ಎಚ್‌ಐವಿ ಎಂದ ಕೂಡಲೇ ಜನ ಮೊದಲು ಕೇಳುವುದು ‘ವಾಸಿ ಆಗ್ತದೇನ್ರಿ?’ ಅಂತ. ವೈರಸ್ಸನ್ನು ಮೈಯಿಂದ ಪೂರ್ತಿ ಹೊರಗೆ ಹಾಕುವ ಔಷಧ ಇನ್ನೂ ಇಲ್ಲ. ಆದರೆ ಬೇಗ ಗೊತ್ತಾಗಿ, ದಿನಕ್ಕೊಂದು ಗುಳಿಗೆ ತಪ್ಪದೆ ನುಂಗುವವರು ಹೆಚ್ಚುಕಡಿಮೆ ಎಲ್ಲರಷ್ಟೇ ಕಾಲ ಬದುಕುತ್ತಾರೆ, ಹೊಲದಲ್ಲಿ ದುಡಿಯುತ್ತಾರೆ, ಸೋಂಕಿಲ್ಲದ ಮಕ್ಕಳನ್ನು ಹೆರುತ್ತಾರೆ. ಗುಳಿಗೆ ಸರ್ಕಾರಿ ದವಾಖಾನೆಯಲ್ಲಿ ಪುಕ್ಕಟೆ ಸಿಗುತ್ತದೆ. ಈ ವ್ಯವಸ್ಥೆ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ. ಇಷ್ಟೆಲ್ಲ ಇದ್ದೂ ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಚಿಕಿತ್ಸೆ ಹಳಿ ತಪ್ಪುವುದಿದ್ದರೆ, ಬಹಳ ಸಲ ಅದು ದಿನದ ಲೆಕ್ಕ ತಪ್ಪಿದ್ದರಿಂದಲೇ ಇರುತ್ತದೆ. ಪರೀಕ್ಷೆಗೆ ಎಷ್ಟನೇ ದಿನಕ್ಕೆ ಹೋಗಬೇಕು, ಡಬ್ಬಿ ಯಾವ ತಾರೀಖಿಗೆ ಖಾಲಿಯಾಗುತ್ತದೆ, ಗುಳೆ ಹೋಗುವ ಮುಂಚೆ ಏನು ಮಾಡಬೇಕು, ಹುಟ್ಟಿದ ಮಗುವಿಗೆ ಯಾವ ವಾರ ರಕ್ತ ಕೊಡಿಸಬೇಕು ಎಂಬ ಲೆಕ್ಕಗಳನ್ನು ಇಲ್ಲಿ ಬಿಡಿಸಿ ಬರೆದಿದ್ದೇವೆ.

ವೈರಸ್ ಮಾಡುವ ಕೆಲಸ

ರಕ್ತದಲ್ಲಿ ಸಿಡಿ4 ಎಂಬ ಬಿಳಿ ಕಣಗಳಿವೆ. ರೋಗ ಬಂದಾಗ ಉಳಿದ ಕಣಗಳನ್ನು ಎಬ್ಬಿಸಿ ಕೆಲಸಕ್ಕೆ ಹಚ್ಚುವುದು ಇವೇ. ಎಚ್‌ಐವಿ ಇವುಗಳೊಳಗೇ ಹೊಕ್ಕು, ತನ್ನ ವಂಶದ ಬರಹವನ್ನು ಆ ಕಣದ ವಂಶವಾಹಿಗೆ ಸೇರಿಸಿಬಿಡುತ್ತದೆ. ಆಮೇಲೆ ಆ ಕಣವೇ ಹೊಸ ವೈರಸ್‌ಗಳನ್ನು ತಯಾರಿಸುತ್ತ ಸಾಯುತ್ತದೆ. ಇನ್ನು ಕೆಲವು ಕಣಗಳಲ್ಲಿ ವೈರಸ್ ಏನೂ ಮಾಡದೆ ವರ್ಷಗಟ್ಟಲೆ ಮಲಗಿರುತ್ತದೆ. ಗುಳಿಗೆ ಹೊಸ ವೈರಸ್ ಹುಟ್ಟುವುದನ್ನು ತಡೆಯುತ್ತದೆಯೇ ಹೊರತು ಮಲಗಿದ್ದನ್ನು ಮುಟ್ಟಲಾರದು. ಹೀಗಾಗಿಯೇ ‘ಆರಾಮಾಗಿದೀನಿ’ ಎಂದು ಗುಳಿಗೆ ಬಿಟ್ಟವರ ರಕ್ತದಲ್ಲಿ ಕೆಲವೇ ವಾರಗಳಲ್ಲಿ ವೈರಸ್ ಮತ್ತೆ ಏಳುತ್ತದೆ.

ಸೋಂಕು ತಗುಲಿ 2ರಿಂದ 4 ವಾರಕ್ಕೆ ಕೆಲವರಿಗೆ ಜ್ವರ, ಗಂಟಲು ನೋವು, ಮೈಮೇಲೆ ಗಂಧೆ, ಕುತ್ತಿಗೆಯಲ್ಲಿ ಗಂಟು ಕಾಣಿಸುತ್ತದೆ. ಮಳೆಗಾಲದ ಯಾವುದೋ ಜ್ವರ ಎಂದುಕೊಳ್ಳುವಷ್ಟು ಸಾಮಾನ್ಯವಾಗಿ ಬಂದು ಹೋಗುತ್ತದೆ. ಆದರೆ ರಕ್ತದಲ್ಲಿ ವೈರಸ್ ಅತಿ ಹೆಚ್ಚಿರುವುದು, ಇನ್ನೊಬ್ಬರಿಗೆ ಸುಲಭವಾಗಿ ದಾಟುವುದು ಈ ಹೊತ್ತಿನಲ್ಲೇ. ಅದಾದ ಮೇಲೆ ಎಂಟು ಹತ್ತು ವರ್ಷ ಯಾವ ಲಕ್ಷಣವೂ ಇಲ್ಲದಿರಬಹುದು. ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಾಗ ಕ್ಷಯ, ಬಾಯಿಯಲ್ಲಿ ಬಿಳಿ ಅಗ್ರ, ನಿಲ್ಲದ ಭೇದಿ ಮುತ್ತಿಕೊಳ್ಳುತ್ತವೆ. ಏಡ್ಸ್ ಎನ್ನುವುದು ಈ ಹಂತಕ್ಕೆ. ಮೈ ನೋಡಿ ಸೋಂಕು ಹೇಳುವುದು ಯಾರಿಂದಲೂ ಸಾಧ್ಯವಿಲ್ಲ.

ಹರಡುವ ದಾರಿ ನಾಲ್ಕೇ: ಕಾಂಡೋಮ್ ಇಲ್ಲದ ಲೈಂಗಿಕ ಸಂಪರ್ಕ, ಸೋಂಕಿನ ರಕ್ತ ಏರಿಸುವುದು, ಒಬ್ಬರು ಬಳಸಿದ ಸೂಜಿಯನ್ನು ಇನ್ನೊಬ್ಬರು ಬಳಸುವುದು, ತಾಯಿಯಿಂದ ಮಗುವಿಗೆ. ಒಂದೇ ತಾಟಿನಲ್ಲಿ ಉಣ್ಣುವುದು, ಒಂದೇ ಕೊಡದ ನೀರು, ಸೊಳ್ಳೆ, ಶೌಚಾಲಯ, ಅಪ್ಪಿಕೊಳ್ಳುವುದು, ಮಗುವಿಗೆ ಮುತ್ತು ಕೊಡುವುದು – ಇವುಗಳಿಂದ ಬರುವುದಿಲ್ಲ. ಮನೆಯಲ್ಲಿ ಒಬ್ಬರಿಗೆ ತಾಟು, ಲೋಟ ಬೇರೆ ಮಾಡಿದರೆ ರೋಗ ತಡೆದ ಹಾಗೇನೂ ಆಗದು. ಅವರು ಊಟ ಬಿಟ್ಟು, ಗುಳಿಗೆ ಬಿಟ್ಟು ಮೂಲೆ ಸೇರುವಂತಾಗುತ್ತದೆ.

ಪರೀಕ್ಷೆ: ಯಾವಾಗ, ಎಲ್ಲಿ

ಹೆಚ್ಚಿನ ಕಿಟ್‌ಗಳು ಹುಡುಕುವುದು ವೈರಸ್ಸನ್ನಲ್ಲ, ಅದರ ವಿರುದ್ಧ ದೇಹ ತಯಾರಿಸುವ ಪ್ರತಿಕಾಯವನ್ನು. ಅದು ಕಿಟ್‌ಗೆ ಸಿಗುವ ಮಟ್ಟಕ್ಕೆ ಬರಲು ಮೂರು ವಾರದಿಂದ ಮೂರು ತಿಂಗಳು ಬೇಕು. ಈ ನಡುವಿನ ಕಾಲಕ್ಕೆ ವಿಂಡೋ ಪೀರಿಯಡ್ ಎನ್ನುತ್ತಾರೆ. ಸಂಪರ್ಕವಾದ ವಾರಕ್ಕೇ ಓಡಿಹೋಗಿ ‘ನೆಗೆಟಿವ್’ ಚೀಟಿ ತಂದು ನಿಶ್ಚಿಂತರಾಗುವುದು ಇಲ್ಲಿ ಆಗುವ ದೊಡ್ಡ ತಪ್ಪು. ಅಂಥ ಚೀಟಿ ಹೇಳುವುದು ಮೂರು ತಿಂಗಳ ಹಿಂದಿನವರೆಗಿನ ಕಥೆಯನ್ನು ಮಾತ್ರ. ಆದ್ದರಿಂದ ಮೊದಲ ಸಲ ಈಗಲೇ ಮಾಡಿಸಿ, ಸಂಪರ್ಕವಾದ ದಿನದಿಂದ 90 ದಿನ ಎಣಿಸಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಆವತ್ತು ಇನ್ನೊಮ್ಮೆ ಮಾಡಿಸಿ. ನಡುವೆ ಕಾಂಡೋಮ್ ಬಿಡಬೇಡಿ, ರಕ್ತದಾನ ಮಾಡಬೇಡಿ.

ಹೋಗಬೇಕಾದದ್ದು ಐಸಿಟಿಸಿಗೆ, ಅಂದರೆ ಸರ್ಕಾರದ ಎಚ್‌ಐವಿ ಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಕ್ಕೆ. ಜಿಲ್ಲಾ ಆಸ್ಪತ್ರೆಯಲ್ಲೂ ತಾಲೂಕು ಆಸ್ಪತ್ರೆಯಲ್ಲೂ ಈ ಕೋಣೆ ಇರುತ್ತದೆ. ಹೊರಗೆ ಕೆಂಪು ರಿಬ್ಬನ್ನಿನ ಗುರುತು ನೋಡಿ. ಹಲವು ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಬೆರಳು ಚುಚ್ಚಿ ಒಂದು ಕಿಟ್‌ನಲ್ಲಿ ನೋಡುತ್ತಾರೆ. ಅಲ್ಲಿ ಗೆರೆ ಬಂದರೆ ಅದನ್ನೇ ಪಾಸಿಟಿವ್ ಅನ್ನುವಂತಿಲ್ಲ. ಐಸಿಟಿಸಿಯಲ್ಲಿ ಬೇರೆ ಬೇರೆ ತತ್ವದ ಮೂರು ಕಿಟ್‌ಗಳಲ್ಲಿ ನೋಡಿ, ಮೂರೂ ಗೆರೆ ತೋರಿಸಿದರೆ ಮಾತ್ರ ಪಾಸಿಟಿವ್ ಎಂದು ಬರೆದು ಕೊಡುತ್ತಾರೆ. ಖಾಸಗಿ ಲ್ಯಾಬಿನ ಒಂದು ಕಾರ್ಡ್ ಟೆಸ್ಟ್ ನೋಡಿ ಜೀವ ಕಳೆದುಕೊಳ್ಳುವ ಯೋಚನೆಗೆ ಬಿದ್ದವರಿದ್ದಾರೆ. ಒಂದು ಕಾರ್ಡಿನ ಮಾತು ನಂಬಬೇಡಿ, ಐಸಿಟಿಸಿಗೆ ಹೋಗಿ. ಅಲ್ಲಿ ದುಡ್ಡು ತೆಗೆದುಕೊಳ್ಳುವುದಿಲ್ಲ. ಪರೀಕ್ಷೆಗೆ ಮೊದಲೂ ಆಮೇಲೂ ಆಪ್ತ ಸಮಾಲೋಚಕರು ನಿಮ್ಮೊಬ್ಬರನ್ನೇ ಕೂರಿಸಿ ಮಾತಾಡುತ್ತಾರೆ. ನಿಮ್ಮ ಒಪ್ಪಿಗೆ ಇಲ್ಲದೆ ರಕ್ತ ತೆಗೆಯುವಂತಿಲ್ಲ, ಫಲಿತಾಂಶವನ್ನು ಮೂರನೆಯವರಿಗೆ ಹೇಳುವಂತಿಲ್ಲ. ಹೋಗಲು ಅಳುಕಿದ್ದರೆ 1097ಕ್ಕೆ ಫೋನ್ ಮಾಡಿ, ಕರೆಗೆ ಹಣವಿಲ್ಲ.

ಅವಘಡವಾದ 72 ಗಂಟೆಯೊಳಗೆ

ಕಾಂಡೋಮ್ ಹರಿದಿದೆ, ಅತ್ಯಾಚಾರವಾಗಿದೆ, ದವಾಖಾನೆಯ ಕೆಲಸದಲ್ಲಿ ಬಳಸಿದ ಸೂಜಿ ಚುಚ್ಚಿದೆ. ಇಂಥ ಹೊತ್ತಿಗೆ ಪಿಇಪಿ ಎಂಬ ತಡೆ ಔಷಧವಿದೆ. ಮೊದಲ ಗುಳಿಗೆ ಎರಡು ಗಂಟೆಯೊಳಗೆ ಬಿದ್ದರೆ ಎಲ್ಲಕ್ಕಿಂತ ಒಳ್ಳೆಯದು, 72 ಗಂಟೆ ದಾಟಿದರೆ ಕೊಟ್ಟೂ ಉಪಯೋಗವಿಲ್ಲ. ಕಾರಣ ಸರಳ: ವೈರಸ್ ಹೊಕ್ಕ ಜಾಗದಿಂದ ದುಗ್ಧಗ್ರಂಥಿಗಳಿಗೆ (ಕುತ್ತಿಗೆ, ಕಂಕುಳಲ್ಲಿರುವಂಥ ಸಣ್ಣ ಗಂಟುಗಳಿಗೆ) ಹೋಗಿ ಬೇರೂರಲು ಎರಡು ಮೂರು ದಿನ ಹಿಡಿಯುತ್ತದೆ, ಗುಳಿಗೆ ಕೆಲಸ ಮಾಡುವುದು ಅಷ್ಟರೊಳಗೆ.

ಸೂಜಿ ಚುಚ್ಚಿದ ಜಾಗವನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆಯಿರಿ. ಹಿಂಡಿ ರಕ್ತ ತೆಗೆಯಬೇಡಿ, ಬ್ಲೀಚಿಂಗ್, ಸ್ಪಿರಿಟ್ ಸುರಿಯಬೇಡಿ; ಚರ್ಮ ಕಚ್ಚಿಹೋಗಿ ವೈರಸ್ಸಿಗೆ ಇನ್ನಷ್ಟು ಬಾಗಿಲು ತೆರೆಯುತ್ತದೆ. ಕಣ್ಣಿಗೆ ಸಿಡಿದಿದ್ದರೆ ಬರೀ ನೀರು ಸಾಕು. ಆಮೇಲೆ ನೇರ ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲ್ಟಿಗೆ. ರಾತ್ರಿಯಾದರೂ ಭಾನುವಾರವಾದರೂ ಅಲ್ಲಿ ವೈದ್ಯರಿರುತ್ತಾರೆ. ಎಆರ್‌ಟಿ ಕೇಂದ್ರ (ಎಚ್‌ಐವಿ ಗುಳಿಗೆ ಕೊಡುವ ಜಾಗ) ಬಾಗಿಲು ತೆರೆಯಲೆಂದು ಸೋಮವಾರದವರೆಗೆ ಕಾಯಬೇಡಿ. ‘ಪಿಇಪಿ ಬೇಕು, ಇಷ್ಟು ಗಂಟೆಯಾಯಿತು’ ಎಂದು ಬಾಯಿಬಿಟ್ಟು ಹೇಳಿ. ದಿನಕ್ಕೊಂದರಂತೆ 28 ದಿನ. ಹತ್ತು ದಿನಕ್ಕೆ ಭಯ ಇಳಿದು ಬಿಟ್ಟುಬಿಡುವವರೇ ಹೆಚ್ಚು, ಅರ್ಧಕ್ಕೆ ಬಿಟ್ಟರೆ ರಕ್ಷಣೆಯನ್ನು ನೆಚ್ಚುವಂತಿಲ್ಲ. ರಕ್ತ ಪರೀಕ್ಷೆ ಆವತ್ತೇ ಒಮ್ಮೆ, 6 ವಾರಕ್ಕೆ ಒಮ್ಮೆ, 3 ತಿಂಗಳಿಗೆ ಇನ್ನೊಮ್ಮೆ. ಅತ್ಯಾಚಾರಕ್ಕೆ ಒಳಗಾದವರಿಗೆ ಯಾವ ಆಸ್ಪತ್ರೆಯೂ, ಖಾಸಗಿಯದಾದರೂ, ತಕ್ಷಣ ಪುಕ್ಕಟೆ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಪೊಲೀಸ್ ದೂರಿನ ಕಾಗದ ಬರಲಿ ಎಂದು ಗುಳಿಗೆ ನಿಲ್ಲಿಸುವಂತಿಲ್ಲ.

ಪಾಸಿಟಿವ್ ಬಂದರೆ

ಎಆರ್‌ಟಿ ಕೇಂದ್ರಗಳು ಬಳ್ಳಾರಿಯಲ್ಲಿ ಜನ ಈಗಲೂ ವಿಮ್ಸ್ ಎಂದೇ ಕರೆಯುವ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ, ರಾಯಚೂರಿನ ರಿಮ್ಸ್‌ನಲ್ಲಿ, ಕೊಪ್ಪಳದ ಜಿಲ್ಲಾ ಆಸ್ಪತ್ರೆಯಲ್ಲಿವೆ. ದೂರದ ತಾಲೂಕಿನವರಿಗೆ ಲಿಂಕ್ ಎಆರ್‌ಟಿ ಕೇಂದ್ರಗಳಲ್ಲಿ ತಿಂಗಳ ಗುಳಿಗೆ ಕೊಡುತ್ತಾರೆ. ನಿಮಗೆ ಹತ್ತಿರದ್ದು ಯಾವುದೆಂದು ಐಸಿಟಿಸಿಯವರೇ ಹೇಳುತ್ತಾರೆ. ಹೆಣ್ಣುಮಕ್ಕಳಿಗೆ 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಬಸ್ ಪುಕ್ಕಟೆ ಇರುವುದರಿಂದ ಬಸ್ ಚಾರ್ಜಿನ ತೊಡಕು ಅಷ್ಟರಮಟ್ಟಿಗೆ ಕಡಿಮೆಯಾಗಿದೆ.

ಮೊದಲ ಸಲ ಐಸಿಟಿಸಿ ವರದಿ, ಆಧಾರ್ ಕಾರ್ಡ್, ಹಳೆಯ ಕಾಗದಗಳೊಂದಿಗೆ ಹೋಗಿ. ಸಿಡಿ4, ರಕ್ತದ ಅಂಶ, ಕಿಡ್ನಿಗೆ ಕ್ರಿಯಾಟಿನಿನ್, ಲಿವರ್, ಸಕ್ಕರೆ, ಹೆಪಟೈಟಿಸ್ ಬಿ ಮತ್ತು ಸಿ, ಸಿಫಿಲಿಸ್ – ಇಷ್ಟನ್ನು ನೋಡುತ್ತಾರೆ. ಜೊತೆಗೆ ನಾಲ್ಕು ಪ್ರಶ್ನೆ ಕೇಳುತ್ತಾರೆ: ಕೆಮ್ಮಿದೆಯೇ, ಜ್ವರವಿದೆಯೇ, ತೂಕ ಇಳಿದಿದೆಯೇ, ರಾತ್ರಿ ಮೈ ಬೆವರುತ್ತದೆಯೇ. ಕ್ಷಯ ಹುಡುಕುವ ಈ ಪ್ರಶ್ನೆಗಳಿಗೆ ಸುಳ್ಳು ಹೇಳಬೇಡಿ. ಎಚ್‌ಐವಿ ಇರುವವರನ್ನು ಅತಿ ಹೆಚ್ಚು ಕೊಲ್ಲುವುದು ಕ್ಷಯವೇ. ಕ್ಷಯ ಇಲ್ಲವೆಂದಾದರೆ ಅದು ಬರದಂತೆ ತಡೆಯುವ ಗುಳಿಗೆಗಳ ಕೋರ್ಸನ್ನೂ ಕೊಡುತ್ತಾರೆ, ಕೇಳಿ ಪಡೆಯಿರಿ. ಸಿಡಿ4 ಎಷ್ಟೇ ಇರಲಿ, ಈಗ ಎಲ್ಲರಿಗೂ ಚಿಕಿತ್ಸೆ ಕೂಡಲೇ ಶುರು. 2017ಕ್ಕಿಂತ ಮೊದಲು ಎಣಿಕೆ ಇಳಿಯುವವರೆಗೆ ಕಾಯಿಸುತ್ತಿದ್ದರು. ಹಳೆಯ ಆ ಮಾತು ನಂಬಿ ಮನೆಯಲ್ಲಿ ಕೂತವರು ಈಗಲೂ ಇದ್ದರೆ ದಯವಿಟ್ಟು ಎಬ್ಬಿಸಿ ಕಳಿಸಿ.

ಗುಳಿಗೆಯ ಹೆಸರು ಟಿಎಲ್‌ಡಿ. ಟೆನೋಫೋವಿರ್ 300, ಲ್ಯಾಮಿವುಡಿನ್ 300, ಡೊಲುಟೆಗ್ರವಿರ್ 50 ಮಿಲಿಗ್ರಾಂ, ಮೂರೂ ಒಂದೇ ಗುಳಿಗೆಯಲ್ಲಿ. ಮೊದಲೆರಡು ವೈರಸ್ ತನ್ನ ಬರಹದ ನಕಲು ತೆಗೆಯುವುದನ್ನು ತಡೆಯುತ್ತವೆ, ಮೂರನೆಯದು ಆ ನಕಲು ನಮ್ಮ ವಂಶವಾಹಿಗೆ ಸೇರದಂತೆ ತಡೆಯುತ್ತದೆ. ಎರಡು ಕಡೆ ಅಗಳಿ ಹಾಕಿರುವುದರಿಂದ ವೈರಸ್ಸಿಗೆ ತಪ್ಪಿಸಿಕೊಳ್ಳುವುದು ಕಷ್ಟ. ಮಧ್ಯೆ ಮಧ್ಯೆ ಬಿಟ್ಟರೆ ಮಾತ್ರ ರಕ್ತದಲ್ಲಿ ಔಷಧ ಅರೆಬರೆ ಉಳಿದು, ಅದಕ್ಕೆ ಬಗ್ಗದ ವೈರಸ್ ಆಯ್ಕೆಯಾಗಿ ಬೆಳೆಯುತ್ತದೆ. ಒಮ್ಮೆ ಹಾಗೆ ಬೆಳೆದರೆ ಆ ಗುಳಿಗೆ ಮತ್ತೆ ಆ ಮೈಗೆ ಸರಿಯಾಗಿ ನಾಟುವುದಿಲ್ಲ.

ದಿನವೂ ಒಂದೇ ಹೊತ್ತಿಗೆ, ಊಟದ ಜೊತೆಗಾದರೂ ಸರಿ, ಖಾಲಿ ಹೊಟ್ಟೆಗಾದರೂ ಸರಿ. ಶ್ರಾವಣದ ಉಪವಾಸಕ್ಕೂ ರಂಜಾನ್ ರೋಜಾಕ್ಕೂ ಇದರಿಂದ ಅಡ್ಡಿಯಿಲ್ಲ. ರಾತ್ರಿ ಊಟದ ಹೊತ್ತಿಗೆ ಇಟ್ಟುಕೊಳ್ಳಿ. ನಿದ್ದೆ ಕೆಟ್ಟರೆ ಬೆಳಿಗ್ಗೆಗೆ ಬದಲಿಸಬಹುದು. ಮರೆತರೆ ನೆನಪಾದ ಕೂಡಲೇ ನುಂಗಿ. ಮುಂದಿನ ಹೊತ್ತಿಗೆ ನಾಲ್ಕು ಗಂಟೆಯೊಳಗಿದ್ದರೆ ಮಾತ್ರ ಆ ಒಂದನ್ನು ಬಿಟ್ಟು ಮುಂದಿನದಕ್ಕೆ ಹೋಗಿ. ಎರಡು ಒಟ್ಟಿಗೆ ಬೇಡ.

ಡಬ್ಬಿಯ ಲೆಕ್ಕ ಹೀಗೆ. ಬಿಳಿ ಡಬ್ಬಿಯಲ್ಲಿ 30 ಗುಳಿಗೆ. 28 ದಿನಕ್ಕೆ ಕೇಂದ್ರಕ್ಕೆ ಹೋದರೆ ಒಳಗೆ 2 ಉಳಿದಿರಬೇಕು. 6 ಉಳಿದಿದ್ದರೆ 4 ತಪ್ಪಿವೆ. 28ಕ್ಕೆ 24 ಎಂದರೆ ನೂರಕ್ಕೆ 86. ಬೇಕಿರುವುದು 95ಕ್ಕಿಂತ ಹೆಚ್ಚು, ಅಂದರೆ ತಿಂಗಳಿಗೆ ಒಂದಕ್ಕಿಂತ ಹೆಚ್ಚು ತಪ್ಪಬಾರದು. ಉಳಿದವನ್ನು ಮನೆಯಲ್ಲಿ ಬಚ್ಚಿಟ್ಟು ಖಾಲಿ ಡಬ್ಬಿ ತೋರಿಸಿದರೆ ಬೈಗುಳ ತಪ್ಪಬಹುದು, ಆದರೆ ವೈದ್ಯರು ಗುಳಿಗೆಯೇ ಸೋತಿದೆ ಎಂದು ತಿಳಿದು ಬೇರೆ ಔಷಧಕ್ಕೆ ಬದಲಿಸಿಬಿಡಬಹುದು. ಇರುವ ಡಬ್ಬಿಯನ್ನು ಇದ್ದ ಹಾಗೇ ಒಯ್ಯಿರಿ.

ಇನ್ನು ಬಿಸಿಲು. ಗುಳಿಗೆಯನ್ನು 30 ಡಿಗ್ರಿಗಿಂತ ಕಡಿಮೆ ಬಿಸಿಯಲ್ಲಿ ಇಡಬೇಕೆಂದು ಡಬ್ಬಿಯ ಮೇಲೆ ಬರೆದಿರುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳು ನೆರಳಲ್ಲೇ 40 ದಾಟುತ್ತದೆ. ತಗಡಿನ ಶೀಟಿನ ಕೆಳಗಿನ ಅಟ್ಟ, ಲಾರಿಯ ಡ್ಯಾಶ್‌ಬೋರ್ಡ್, ಬೈಕಿನ ಸೈಡ್ ಬಾಕ್ಸ್ ಎಂದರೆ ಇನ್ನೂ ಹೆಚ್ಚು. ಡಬ್ಬಿಗೆ ತಕ್ಕ ಜಾಗ ನೀರಿನ ಗಡಿಗೆ ಇಡುವ ಮೂಲೆಯ ಹತ್ತಿರದ ಗೂಡು. ತಂಪಿರುತ್ತದೆ, ನೀರು ಮಾತ್ರ ತಾಗದಿರಲಿ. ಡಬ್ಬಿಯೊಳಗಿನ ಪುಟ್ಟ ಚೀಲ ತೇವ ಹೀರುವುದಕ್ಕೆ ಇದೆ, ಎಸೆಯಬೇಡಿ. ಯಾರಿಗೂ ಗೊತ್ತಾಗದಿರಲೆಂದು ಗುಳಿಗೆಗಳನ್ನು ಕಾಗದದಲ್ಲಿ ಕಟ್ಟಿ ಬ್ಲೌಸಿನಲ್ಲೋ ಅಕ್ಕಿ ಡಬ್ಬದಲ್ಲೋ ಇಡುತ್ತಾರೆ. ಬೆವರು, ತೇವ ತಾಗಿ ಗುಳಿಗೆ ಪುಡಿಯಾಗುತ್ತದೆ, ಕಸುವು ಕಳೆದುಕೊಳ್ಳುತ್ತದೆ. ಮುಚ್ಚಿಡಲೇಬೇಕೆಂದಿದ್ದರೆ ಡಬ್ಬಿಯ ಮೇಲಿನ ಚೀಟಿ ಕೆರೆದು, ಡಬ್ಬಿಯನ್ನೇ ಬಟ್ಟೆಯಲ್ಲಿ ಸುತ್ತಿ ಇಡಿ. ಗಲಗಲ ಸದ್ದು ಅದರಿಂದಲೇ ಅಡಗುತ್ತದೆ.

ಜೊತೆಗೆ ನುಂಗಬಾರದ ಕೆಲವು ಔಷಧಗಳಿವೆ. ರಕ್ತಹೀನತೆಗೆ ಕೊಡುವ ಕಬ್ಬಿಣಾಂಶದ ಗುಳಿಗೆ, ಸುಣ್ಣದಂಶದ ಗುಳಿಗೆ, ಎದೆಯುರಿಗೆ ಕುಡಿಯುವ ಆಂಟಾಸಿಡ್ ಸಿರಪ್ – ಇವುಗಳಲ್ಲಿರುವ ಲೋಹ ಡೊಲುಟೆಗ್ರವಿರ್‌ಗೆ ಅಂಟಿಕೊಂಡು ಅದು ರಕ್ತಕ್ಕೆ ಸೇರದಂತೆ ಮಾಡುತ್ತದೆ. ಟಿಎಲ್‌ಡಿಯನ್ನು ಇವಕ್ಕಿಂತ 2 ಗಂಟೆ ಮೊದಲು, ಇಲ್ಲವೇ 6 ಗಂಟೆ ನಂತರ ನುಂಗಿ. ಸಂಜೆ ಮಿರ್ಚಿ ತಿಂದು ಎದೆ ಉರಿದು ಸಿರಪ್ ಕುಡಿದು, ರಾತ್ರಿ ಎಂಟಕ್ಕೇ ಟಿಎಲ್‌ಡಿ ನುಂಗಿದರೆ ಆವತ್ತಿನ ಗುಳಿಗೆ ಬಹುಪಾಲು ದಂಡ. ಸುಲಭದ ಉಪಾಯ: ಕಬ್ಬಿಣದ ಗುಳಿಗೆ ಮಧ್ಯಾಹ್ನದ ಊಟಕ್ಕೆ, ಟಿಎಲ್‌ಡಿ ರಾತ್ರಿ ಮಲಗುವಾಗ. ಮೂರ್ಛೆ ರೋಗದ ಫೆನಿಟಾಯಿನ್, ಕಾರ್ಬಮಜೆಪಿನ್ ಈ ಗುಳಿಗೆಯ ಬಲ ಕುಗ್ಗಿಸುತ್ತವೆ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ದಿನಕ್ಕೆ 1000 ಮಿಲಿಗ್ರಾಂ ಮೀರಬಾರದು. ಕ್ಷಯಕ್ಕೆ ರಿಫಾಂಪಿಸಿನ್ ಇರುವ ಚಿಕಿತ್ಸೆ ನಡೆದಿದ್ದರೆ ಟಿಎಲ್‌ಡಿ ನುಂಗಿದ 12 ಗಂಟೆಗೆ ಇನ್ನೊಂದು ಡೊಲುಟೆಗ್ರವಿರ್ 50 ಬೇಕು. ಬೇರೆ ಯಾವ ಡಾಕ್ಟರ ಬಳಿ ಹೋದರೂ ಟಿಎಲ್‌ಡಿ ನುಂಗುತ್ತಿರುವುದನ್ನು ಹೇಳಿ.

ಮೈಕೈ ನೋವಿನ ಗುಳಿಗೆಯ ಬಗ್ಗೆ ಒಂದು ಮಾತು ಒತ್ತಿ ಹೇಳಬೇಕು. ಗದ್ದೆ ನಾಟಿ ಮಾಡಿ, ಗಣಿಯಲ್ಲಿ ಕಲ್ಲು ಹೊತ್ತು ಬಂದವರು ಮೆಡಿಕಲ್ ಶಾಪಿನಿಂದ ಡೈಕ್ಲೊಫೆನಾಕ್ ತಂದು ದಿನವೂ ನುಂಗುತ್ತಾರೆ. ಟೆನೋಫೋವಿರ್ ಕಿಡ್ನಿಯ ಮೂಲಕ ಹೊರಹೋಗುವ ಔಷಧ. ಎರಡೂ ಸೇರಿ, ಬಿಸಿಲಿಗೆ ನೀರೂ ಕಡಿಮೆಯಾದರೆ ಕಿಡ್ನಿಗೆ ಪೆಟ್ಟು ಬೀಳಬಹುದು. ನೋವಿಗೆ ಪ್ಯಾರಾಸಿಟಮಾಲ್ ಸಾಕು. ಕಾಲು ಊದಿದರೆ, ಮೂತ್ರ ಕಡಿಮೆಯಾದರೆ ತಾರೀಖಿಗೆ ಕಾಯದೆ ಕೇಂದ್ರಕ್ಕೆ ಹೋಗಿ. ಹೆಪಟೈಟಿಸ್ ಬಿ ಕೂಡ ಇರುವವರು ಟಿಎಲ್‌ಡಿಯನ್ನು ತಾವಾಗಿ ನಿಲ್ಲಿಸಲೇಬಾರದು. ಅದೇ ಗುಳಿಗೆ ಲಿವರಿನ ವೈರಸ್ಸನ್ನೂ ಹಿಡಿದಿಟ್ಟಿರುತ್ತದೆ, ಬಿಟ್ಟರೆ ಲಿವರ್ ಒಮ್ಮೆಲೇ ಕೆಡಬಹುದು.

ಶುರುವಿನ ಎರಡು ಮೂರು ವಾರ ತಲೆನೋವು, ವಾಕರಿಕೆ, ನಿದ್ದೆ ಕೆಡುವುದು ಇರಬಹುದು, ತಾನಾಗಿ ಇಳಿಯುತ್ತದೆ. ಆದರೆ ಸಿಡಿ4 ಬಹಳ ಇಳಿದಿದ್ದವರಿಗೆ ಮೊದಲ ತಿಂಗಳುಗಳಲ್ಲಿ ಹೊಸದಾಗಿ ಜ್ವರ, ಕುತ್ತಿಗೆ ಗಂಟು, ಕೆಮ್ಮು ಬಂದರೆ ‘ಗುಳಿಗೆ ಹಿಡಿಸಲಿಲ್ಲ’ ಎಂದು ಬಿಡುತ್ತಾರೆ. ಅಲ್ಲಿ ಆಗಿರುವುದು ಬೇರೆ. ಶಕ್ತಿ ಮರಳಿ ಬಂದ ದೇಹ ಒಳಗೆ ಅಡಗಿದ್ದ ಕ್ಷಯವನ್ನೋ ಮತ್ತೊಂದನ್ನೋ ಗುರುತಿಸಿ ಹೋರಾಟಕ್ಕಿಳಿದಿದೆ. ಗುಳಿಗೆ ಬಿಡದೆ ಆ ದಿನವೇ ಕೇಂದ್ರಕ್ಕೆ ಹೋಗಬೇಕು.

ಊಟಕ್ಕೆ ಪಥ್ಯವಿಲ್ಲ. ಜೋಳದ ರೊಟ್ಟಿ, ಬೇಳೆ, ಶೇಂಗಾ ಚಟ್ನಿ, ಮೊಸರು, ಸಿಕ್ಕರೆ ಮೊಟ್ಟೆ. ಎಚ್‌ಐವಿಯನ್ನೇ ಕಿತ್ತುಹಾಕುತ್ತೇವೆ ಎಂದು ನಾಟಿ ಔಷಧ ಮಾರುವವರ ಮಾತು ಕೇಳಿ ಟಿಎಲ್‌ಡಿ ಬಿಟ್ಟವರು ಕಳೆದುಕೊಳ್ಳುವುದು ಬರೀ ದುಡ್ಡಲ್ಲ.

ಗುಳೆ ಹೋಗುವಾಗ

ದೇವದುರ್ಗ, ಲಿಂಗಸುಗೂರು, ಕುಷ್ಟಗಿ, ಯಲಬುರ್ಗಾ ಕಡೆಯಿಂದ ಬೆಂಗಳೂರು, ಮಂಗಳೂರು, ಗೋವಾದ ಕಟ್ಟಡ ಕೆಲಸಕ್ಕೆ ಹೋಗುವವರ ಚಿಕಿತ್ಸೆ ತುಂಡಾಗುವುದು ಇಲ್ಲೇ. ಮೇಸ್ತ್ರಿ ರಾತ್ರಿ ಫೋನ್ ಮಾಡುತ್ತಾನೆ, ಬೆಳಿಗ್ಗೆ ಗಾಡಿ ಹೊರಡುತ್ತದೆ, ಡಬ್ಬಿಯಲ್ಲಿ ಆರೇ ಗುಳಿಗೆ. ಆದ್ದರಿಂದ ಹಂಗಾಮು ಮುಗಿಯುತ್ತಿದ್ದಂತೆ, ಹೋಗುವುದು ಖಚಿತವಾಗದಿದ್ದರೂ, ಮೊದಲೇ ಕೇಂದ್ರದಲ್ಲಿ ಹೇಳಿಡಿ. ಆರೋಗ್ಯ ಸ್ಥಿರವಾಗಿದ್ದು ವೈರಲ್ ಲೋಡ್ (ರಕ್ತದಲ್ಲಿರುವ ವೈರಸ್ಸಿನ ಎಣಿಕೆ) ಹತೋಟಿಯಲ್ಲಿದ್ದವರಿಗೆ ಒಟ್ಟಿಗೆ ಎರಡು ಮೂರು ತಿಂಗಳ ಗುಳಿಗೆ ಕೊಡುವ ಪದ್ಧತಿಯಿದೆ. ಅಲ್ಲೇ ಬಹಳ ಕಾಲ ನಿಲ್ಲುವುದಾದರೆ ‘ಟ್ರಾನ್ಸ್‌ಫರ್ ಔಟ್’ ಮಾಡಿಸಿ ಆ ಊರಿನ ಕೇಂದ್ರಕ್ಕೆ ದಾಖಲೆ ಕಳಿಸಿಕೊಳ್ಳಿ.

ಕೇಂದ್ರದಲ್ಲಿ ಕೊಡುವ ಹಸಿರು ಚಿಕಿತ್ಸಾ ಪುಸ್ತಕದ ಮೊದಲ ಪುಟ, ಕೊನೆಯ ಪುಟದ ಫೋಟೋ ಫೋನಿನಲ್ಲಿರಲಿ, ಫೋನಿಗೆ ಲಾಕ್ ಇರಲಿ. ಗುಳಿಗೆ ಮುಗಿದರೆ ಊರಿಗೆ ಬರುವವರೆಗೆ ಕಾಯುವುದು ಬೇಡ. ದೇಶದ ಯಾವುದೇ ಎಆರ್‌ಟಿ ಕೇಂದ್ರದಲ್ಲಿ ಪುಸ್ತಕ ತೋರಿಸಿದರೆ ದಾರಿಹೋಕರೆಂದು ತಾತ್ಕಾಲಿಕವಾಗಿ ಕೊಡುತ್ತಾರೆ. ಶೆಡ್ಡಿನಲ್ಲಿ ಹತ್ತು ಜನರ ನಡುವೆ ನುಂಗುವ ಸಂಕೋಚವಿದ್ದರೆ ‘ಬಿಪಿ ಗುಳಿಗೆ’ ಎಂದರಾಯಿತು. ಬಿಪಿ ಗುಳಿಗೆಯೂ ದಿನಕ್ಕೊಂದೇ ತಾನೇ.

ವೈರಲ್ ಲೋಡ್ ಎಂಬ ಅಂಕಿ

ಗುಳಿಗೆ ನಾಟುತ್ತಿದೆಯೇ ಎಂದು ತೂಕ, ಮುಖದ ಕಳೆ ನೋಡಿ ಹೇಳಲಾಗದು. ವೈರಲ್ ಲೋಡ್ ಪರೀಕ್ಷೆಯೇ ಬೇಕು: ಶುರುವಾಗಿ 6 ತಿಂಗಳಿಗೆ, 12 ತಿಂಗಳಿಗೆ, ಆಮೇಲೆ ವರ್ಷಕ್ಕೊಮ್ಮೆ, ಪುಕ್ಕಟೆ. ರಕ್ತ ಕೊಟ್ಟು ಬಂದು ಮರೆಯದೆ, ಮುಂದಿನ ಸಲ ‘ಎಷ್ಟು ಬಂತು’ ಎಂದು ಕೇಳಿ ಬರೆಸಿಕೊಳ್ಳಿ. 1000ಕ್ಕಿಂತ ಕಡಿಮೆ ಇದ್ದರೆ ಹತೋಟಿಯಲ್ಲಿದೆ; ಯಂತ್ರಕ್ಕೇ ಕಾಣದಷ್ಟು ಕಡಿಮೆಯಾದರೆ ಬಹಳ ಒಳ್ಳೆಯದು. 1000 ಮತ್ತು ಮೇಲಿದ್ದರೆ ಕೂಡಲೇ ಔಷಧ ಬದಲಿಸುವುದಿಲ್ಲ. ಮೂರು ತಿಂಗಳು ಒತ್ತಾಗಿ ಸಮಾಲೋಚನೆ ಮಾಡಿ, ತಪ್ಪದೆ ನುಂಗಿಸಿ ಮತ್ತೆ ನೋಡುತ್ತಾರೆ. ಆಗಲೂ ಇಳಿಯದಿದ್ದರೆ ತಜ್ಞರ ಸಮಿತಿಗೆ ಕಳಿಸಿ ಎರಡನೇ ಸಾಲಿನ ಔಷಧ ಕೊಡುತ್ತಾರೆ.

ವೈರಸ್ ಕಾಣದ ಮಟ್ಟಕ್ಕಿಳಿದು ಹಾಗೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ದಾಟುವುದಿಲ್ಲ. ಯುರೋಪಿನಲ್ಲಿ ನಡೆದು 2019ರಲ್ಲಿ ಪ್ರಕಟವಾದ ಪಾರ್ಟ್‌ನರ್ ಅಧ್ಯಯನದಲ್ಲಿ 782 ಜೋಡಿಗಳು ಕಾಂಡೋಮ್ ಇಲ್ಲದೆ ಸುಮಾರು 76 ಸಾವಿರ ಸಲ ಸೇರಿದ್ದರೂ ಸಂಗಾತಿಯಿಂದ ಒಂದು ಸೋಂಕೂ ದಾಟಿರಲಿಲ್ಲ. ಗಂಡನಿಗೋ ಹೆಂಡತಿಗೋ ಒಬ್ಬರಿಗೇ ಸೋಂಕಿರುವ ಮನೆಗಳಲ್ಲಿ ಇದಕ್ಕಿಂತ ಬೆಲೆಬಾಳುವ ಸುದ್ದಿ ಇಲ್ಲ. ಆದರೆ ಆ ಮಾತು ನಿಂತಿರುವುದು ಗುಳಿಗೆ ತಪ್ಪದಿರುವುದರ ಮೇಲೆ. ಮೊದಲ ಆರು ತಿಂಗಳಲ್ಲೂ, ಗುಳಿಗೆ ತಪ್ಪಿದ ದಿನಗಳಲ್ಲೂ ಕಾಂಡೋಮ್ ಬೇಕೇಬೇಕು.

ಕಾಂಡೋಮ್, ಸೂಜಿ

ಪ್ಯಾಕೆಟ್ ಮೇಲಿನ ತಾರೀಖು ನೋಡಿ. ಒತ್ತಿದರೆ ಒಳಗೆ ಗಾಳಿ ಸಿಗಬೇಕು. ಹಲ್ಲಿನಿಂದ ಹರಿಯಬೇಡಿ. ತುದಿ ಹಿಂಡಿ ಗಾಳಿ ತೆಗೆದು, ಬುಡದವರೆಗೆ ಬಿಡಿಸಿ. ಮುಗಿದ ಕೂಡಲೇ ಬುಡ ಹಿಡಿದುಕೊಂಡೇ ಹೊರತೆಗೆಯಬೇಕು, ಇಲ್ಲದಿದ್ದರೆ ಜಾರಿ ಒಳಗುಳಿಯುತ್ತದೆ. ಕೊಬ್ಬರಿ ಎಣ್ಣೆ, ವ್ಯಾಸಲಿನ್ ಹಚ್ಚಿದರೆ ರಬ್ಬರ್ ಕೆಲವೇ ನಿಮಿಷದಲ್ಲಿ ಸಡಿಲವಾಗಿ ಹರಿಯುತ್ತದೆ. ಎರಡು ಒಟ್ಟಿಗೆ ಹಾಕಿದರೂ ಉಜ್ಜಿ ಹರಿಯುತ್ತವೆ. ಸಂಡೂರು, ತೋರಣಗಲ್ಲು ಕಡೆ ಅದಿರು ಸಾಗಿಸುವ ಲಾರಿಗಳ ಕ್ಯಾಬಿನ್ನಿನಲ್ಲಿ ಬೇಸಿಗೆಯಿಡೀ ಬಿದ್ದಿದ್ದ ಪ್ಯಾಕೆಟ್ಟನ್ನು ನಂಬಬೇಡಿ. ಗುಪ್ತಾಂಗದಲ್ಲಿ ಹುಣ್ಣು, ಕೀವು ಇದ್ದರೆ ಎಚ್‌ಐವಿ ತಗಲುವ ಸಾಧ್ಯತೆ ಹೆಚ್ಚು. ಜಿಲ್ಲಾ ಆಸ್ಪತ್ರೆಯ ಸುರಕ್ಷಾ ಕ್ಲಿನಿಕ್‌ನಲ್ಲಿ ಅದಕ್ಕೆ ಪುಕ್ಕಟೆ ಚಿಕಿತ್ಸೆಯಿದೆ.

ಇಂಜೆಕ್ಷನ್ ಮಾಡಿಸಿಕೊಳ್ಳುವಾಗ ಸಿರಿಂಜಿನ ಕವರು ನಿಮ್ಮ ಕಣ್ಣೆದುರೇ ಹರಿಯಲಿ. ಜಾತ್ರೆಯಲ್ಲಿ ಹಚ್ಚೆ ಹಾಕುವವರು ಒಂದೇ ಸೂಜಿ, ಒಂದೇ ಬಣ್ಣದ ಬಟ್ಟಲು ಸಾಲಿನವರಿಗೆಲ್ಲ ಬಳಸುತ್ತಿದ್ದರೆ ಕೈ ಚಾಚಬೇಡಿ. ಎಚ್‌ಐವಿಗಿಂತ ಹೆಪಟೈಟಿಸ್ ಬಿ, ಸಿ ಅಲ್ಲಿಂದ ಸುಲಭವಾಗಿ ಬರುತ್ತವೆ.

ಕಾನೂನಿನ ಬಲ

ಎಚ್‌ಐವಿ ಮತ್ತು ಏಡ್ಸ್ ಕಾಯಿದೆ 2017ರದ್ದು, ಜಾರಿಗೆ ಬಂದದ್ದು 2018ರ ಸೆಪ್ಟೆಂಬರ್ 10ರಂದು. ಸೋಂಕಿದೆ ಎಂಬ ಕಾರಣಕ್ಕೆ ಕೆಲಸದಿಂದ ತೆಗೆಯುವುದು, ಶಾಲೆಗೆ ಸೇರಿಸದಿರುವುದು, ಬಾಡಿಗೆ ಮನೆ ಬಿಡಿಸುವುದು, ಹೆರಿಗೆಗೋ ಆಪರೇಷನ್ನಿಗೋ ಮುಟ್ಟದೆ ಬೇರೆ ಊರಿಗೆ ಅಟ್ಟುವುದು ಈ ಕಾಯಿದೆಯ ಪ್ರಕಾರ ತಪ್ಪು. ಆಸ್ಪತ್ರೆ ನಿರಾಕರಿಸಿದರೆ ಕಾರಣವನ್ನು ಬರೆದು ಕೊಡಿ ಎಂದು ಕೇಳಿ. ಬಹಳ ಕಡೆ ಮಾತು ಅಲ್ಲಿಗೇ ಬದಲಾಗುತ್ತದೆ. ಬದಲಾಗದಿದ್ದರೆ ಆ ಸಂಸ್ಥೆಯ ದೂರು ಅಧಿಕಾರಿಗೆ, ಆಮೇಲೆ ರಾಜ್ಯದ ಒಂಬುಡ್ಸ್‌ಮನ್‌ಗೆ ದೂರು ಕೊಡಬಹುದು. ಕಾಗದ ಬರೆಯಲು ಎಆರ್‌ಟಿ ಕೇಂದ್ರದ ಸಮಾಲೋಚಕರ ಸಹಾಯ ಕೇಳಿ.

ಬಸುರಿ, ಬಾಣಂತಿ, ಮಗು

ಏನೂ ಮಾಡದಿದ್ದರೆ ಸೋಂಕಿರುವ ತಾಯಿಯಿಂದ ಮಗುವಿಗೆ ಎಚ್‌ಐವಿ ದಾಟುವ ಸಾಧ್ಯತೆ ನೂರಕ್ಕೆ 15ರಿಂದ 45. ತಾಯಿಗೂ ಮಗುವಿಗೂ ಸರಿಯಾಗಿ ಔಷಧ ಸಿಕ್ಕರೆ ಅದು 5ಕ್ಕಿಂತ ಕೆಳಗಿಳಿಯುತ್ತದೆ. ಬಸಿರು ಗೊತ್ತಾದ ಮೊದಲ ಮೂರು ತಿಂಗಳಲ್ಲೇ ತಾಯಿ ಕಾರ್ಡ್ ಮಾಡಿಸುವಾಗ ಎಚ್‌ಐವಿ ಪರೀಕ್ಷೆಯೂ ಆಗಲಿ. ಗಂಡನೂ ಆವತ್ತೇ ಮಾಡಿಸಿಕೊಂಡರೆ ಒಳ್ಳೆಯದು. ಬಸುರಿಯಲ್ಲೂ ಟಿಎಲ್‌ಡಿಯೇ. ಕಬ್ಬಿಣದ ಗುಳಿಗೆಯ ಹೊತ್ತಿನ ಲೆಕ್ಕ ಇಲ್ಲಿ ಇನ್ನೂ ಮುಖ್ಯ, ಏಕೆಂದರೆ ಬಸುರಿಗೆ ಅದು ದಿನವೂ ಇರುತ್ತದೆ. ಎಚ್‌ಐವಿ ಒಂದೇ ಕಾರಣಕ್ಕೆ ಸಿಸೇರಿಯನ್ ಬೇಕಿಲ್ಲ. ಹೆರಿಗೆ ಮಾತ್ರ ಆಸ್ಪತ್ರೆಯಲ್ಲೇ ಆಗಬೇಕು.

ಕಷ್ಟ ಶುರುವಾಗುವುದು ಬಾಣಂತನಕ್ಕೆ ತವರಿಗೆ ಹೋದಾಗ. ಅಲ್ಲಿ ಯಾರಿಗೂ ಹೇಳಿರುವುದಿಲ್ಲ, ಒಂದೇ ಡಬ್ಬಿ ಒಯ್ದಿರುತ್ತಾಳೆ, ಹೊಸ್ತಿಲು ದಾಟಲು ಬಿಡುವುದಿಲ್ಲ. ಏಳನೇ ತಿಂಗಳಲ್ಲೇ ಸಮಾಲೋಚಕರ ಜೊತೆ ಕೂತು ಮೂರು ವಿಷಯ ಗೊತ್ತುಮಾಡಿಕೊಳ್ಳಬೇಕು: ತವರಿಗೆ ಹತ್ತಿರದ ಕೇಂದ್ರ ಯಾವುದು, ಹೆರಿಗೆ ಎಲ್ಲಿ, ಅವ್ವನಿಗೋ ಅಕ್ಕನಿಗೋ ಒಬ್ಬರಿಗಾದರೂ ಹೇಳುವುದೇ. ಒಬ್ಬರಿಗೆ ಗೊತ್ತಿದ್ದರೆ ಬಹಳ ಹಗುರ.

ಮಗು ಹುಟ್ಟಿದ ಕೂಡಲೇ, ಆಸ್ಪತ್ರೆಯಲ್ಲೇ ಔಷಧ ಶುರುವಾಗಬೇಕು. ತಾಯಿಯ ವೈರಸ್ ಹತೋಟಿಯಲ್ಲಿದ್ದರೆ ಸಾಮಾನ್ಯವಾಗಿ ನೆವಿರಪಿನ್ ಸಿರಪ್, 6 ವಾರ: ತೂಕ ಎರಡೂವರೆ ಕೆಜಿಗಿಂತ ಹೆಚ್ಚಿದ್ದರೆ ದಿನಕ್ಕೊಮ್ಮೆ ಒಂದೂವರೆ ಮಿಲಿ, 2ರಿಂದ ಎರಡೂವರೆ ಕೆಜಿ ಇದ್ದರೆ 1 ಮಿಲಿ. ಇನ್ನೂ ಕಡಿಮೆ ತೂಕದ ಮಗುವಿಗೆ ವೈದ್ಯರೇ ಲೆಕ್ಕ ಹಾಕುತ್ತಾರೆ. ಮನೆಯ ಚಮಚದಲ್ಲಿ ಅಳೆಯಬೇಡಿ, ಗೆರೆ ಇರುವ ಡ್ರಾಪರ್ ಕೇಳಿ ತನ್ನಿ. ತಾಯಿಗೆ ಸೋಂಕು ತಡವಾಗಿ ಗೊತ್ತಾಗಿದ್ದರೆ ಅಥವಾ ವೈರಲ್ ಲೋಡ್ ಹೆಚ್ಚಿದ್ದರೆ ಮಗುವಿಗೆ ಎರಡು ಔಷಧ, ಮೊಲೆಹಾಲು ಕುಡಿಯುತ್ತಿದ್ದರೆ 12 ವಾರದವರೆಗೆ.

ಮೊದಲ 6 ತಿಂಗಳು ಬರೀ ಮೊಲೆಹಾಲು. ಬಜೆ ತೇಯ್ದು ನೆಕ್ಕಿಸುವುದು, ಜೇನು, ಹರಳೆಣ್ಣೆ, ಸಕ್ಕರೆ ನೀರು, ಆಕಳ ಹಾಲು ಯಾವುದೂ ಬೇಡ. ಮೊಲೆಹಾಲಿನ ಜೊತೆ ಬೇರೆ ಏನಾದರೂ ಹೋದರೆ ಎಳೆಗರುಳಿನ ಒಳಪದರ ತರಚಿದಂತಾಗಿ ವೈರಸ್ ಒಳಸೇರಲು ದಾರಿಯಾಗುತ್ತದೆ. ಅಜ್ಜಿಯರಿಗೆ ಇದನ್ನು ಎಚ್‌ಐವಿ ಮಾತೆತ್ತದೆಯೂ ಹೇಳಬಹುದು: ಸೋಂಕಿಲ್ಲದ ತಾಯಂದಿರಿಗೂ ಡಾಕ್ಟರು ಹೇಳುವುದು ಇದನ್ನೇ. ತಾಯಿಯ ಗುಳಿಗೆ ಒಂದು ದಿನವೂ ತಪ್ಪಬಾರದ ಕಾಲ ಇದು.

6 ವಾರಕ್ಕೆ ಮಗುವಿನ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು ಕಾಗದದ ಮೇಲೆ ಒಣಗಿಸಿ ಕಳಿಸುತ್ತಾರೆ. ತಾಯಿಯ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಬಹಳ ತಿಂಗಳು ಉಳಿಯುವುದರಿಂದ ಮಾಮೂಲಿ ಕಿಟ್ ಇಲ್ಲಿ ತಪ್ಪು ಹೇಳುತ್ತದೆ. ಈ ಪರೀಕ್ಷೆ ವೈರಸ್ಸನ್ನೇ ಹುಡುಕುತ್ತದೆ. ಅದೇ ದಿನದಿಂದ, ಬೇರೆ ಸೋಂಕು ತಗಲದಂತೆ ತಡೆಯುವ ಕೋಟ್ರಿಮಾಕ್ಸಜೋಲ್ ಸಿರಪ್ಪೂ ಶುರು. 6 ವಾರದ ಲಸಿಕೆಯೂ ಆಗಲೇ ಇರುವುದರಿಂದ ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಂಡರೆ ಮನೆಯವರ ಪ್ರಶ್ನೆಗಳೂ ಕಡಿಮೆ. ಮತ್ತೆ 6 ತಿಂಗಳಿಗೆ, 12 ತಿಂಗಳಿಗೆ. ಕೊನೆಯದು 18 ತಿಂಗಳಿಗೆ. ಆಗಲೂ ಮೊಲೆಹಾಲು ನಡೆದಿದ್ದರೆ ಬಿಡಿಸಿ 3 ತಿಂಗಳಾದ ಮೇಲೆ. ಮೊದಲ ವರದಿ ನೆಗೆಟಿವ್ ಬಂದಿತೆಂದು ಮಿಕ್ಕ ತಾರೀಖುಗಳನ್ನು ಬಿಟ್ಟುಬಿಡುವುದು ಇಲ್ಲಿ ಪದೇ ಪದೇ ಆಗುವ ತಪ್ಪು. ನಾಲ್ಕೂ ತಾರೀಖುಗಳನ್ನು ಮಗು ಹುಟ್ಟಿದ ದಿನದಿಂದ ಎಣಿಸಿ ಲಸಿಕೆ ಕಾರ್ಡಿನ ಹಿಂಬದಿ ಬರೆಸಿಕೊಳ್ಳಿ. ಗುಳೆ ಹೋದರೂ ತವರಿಗೆ ಹೋದರೂ ಆ ಕಾರ್ಡ್ ಚೀಲದಲ್ಲಿರಲಿ.